ಮೈಸೂರು ಅರಮನೆ ಹತ್ತಿರದ ಗಾಡಿಗಳಲ್ಲಿ ಹೊರಗಿನವರಿಗೆ ಬೇರೆ ರೇಟಾ?

ಹುಬ್ಬಳ್ಳಿಯಿಂದ ಮಕ್ಕಳ ಜೊತೆ ಬರುತ್ತಿದ್ದೇವೆ, ಅರಮನೆ ಹತ್ತಿರದ ತಳ್ಳುಗಾಡಿಗಳಲ್ಲಿ ತಿನ್ನಬಹುದಾ, ಹೊರಗಿನವರು ಅಂತ ಜಾಸ್ತಿ ಕಿತ್ಕೋತಾರಾ ಅಂತ ಕೇಳಿದ್ದೀರಿ. ಧಾರಾಳವಾಗಿ ತಿನ್ನಿ. ನಾನು ಇಲ್ಲಿಯವನೇ.

ಒಂದೇ ಗಾಡಿಯಲ್ಲಿ ನಿಮಗೊಂದು ರೇಟು, ನಮಗೊಂದು ರೇಟು ಇರೋದನ್ನು ನಾನು ನೋಡಿದ್ದು ಕಡಿಮೆ. ವ್ಯತ್ಯಾಸ ಇರೋದು ಗಾಡಿಯಿಂದ ಗಾಡಿಗೆ. ಪ್ರವಾಸಿಗರು ಅರಮನೆ ಒಳಗೆ ಹೋಗುವ ವರಾಹ ಗೇಟಿನ ಎದುರು ನಿಲ್ಲುವವರಿಗೆ ಇವತ್ತಿನ ಗಿರಾಕಿ ನಾಳೆ ಬರುವುದಿಲ್ಲ ಅಂತ ಗೊತ್ತು. ಬಡಾವಣೆಯ ಗಾಡಿಯಲ್ಲಿ ಪುರಿ (ಮಂಡಕ್ಕಿ) ಮೆತ್ತಗಾಗಿದ್ದರೆ ಮಾರನೇ ದಿನ ಬೈಸಿಕೊಳ್ಳಬೇಕು.

ಹಾಗಂತ ರೇಟು ಜಾಸ್ತಿ ಹೇಳಿದರೂ ಗೇಟಿನವರನ್ನು ದೂರುವಂತಿಲ್ಲ. ಭಾನುವಾರ, ಸರ್ಕಾರಿ ರಜೆಯ ದಿನ ಸಂಜೆ 7ಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ಸುಮಾರು ಒಂದು ಲಕ್ಷ ಬಲ್ಬು. ದೀಪ ಆರಿದ ಕೂಡಲೇ ಜನ ಒಟ್ಟಿಗೆ ಹೊರಗೆ ನುಗ್ಗುತ್ತಾರೆ. ಆಮೇಲಿನ ಸ್ವಲ್ಪ ಹೊತ್ತಲ್ಲೇ ಅವರ ವಾರದ ಒಳ್ಳೇ ವ್ಯಾಪಾರ. ನಡುವೆ ಯಾರಾದರೂ ‘ಎತ್ತು’ ಅಂದರೆ ಗಾಡಿ ತಳ್ಳಿಕೊಂಡು ಹೋಗಬೇಕು. ಯಾರು ಯಾರು ವ್ಯಾಪಾರ ಮಾಡುತ್ತಾರೆ ಅಂತ ಸರ್ವೆ ಮುಗಿಸಿ, ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಬೀದಿ ವ್ಯಾಪಾರಿಗಳನ್ನು ಎಬ್ಬಿಸಬಾರದು ಅಂತ 2014ರ ಕಾಯ್ದೆಯೇ ಹೇಳುತ್ತದೆ. ಆದರೆ ಕಾಯ್ದೆ ಪುಸ್ತಕ ಹಿಡಿದು ಚುರುಮುರಿ ಮಾರೋಕಾಗುತ್ತಾ?

ಚುರುಮುರಿ ಮಾತ್ರ ಬಿಡಬೇಡಿ. ನಿಮ್ಮ ಕಡೆಯ ಗಿರ್ಮಿಟ್ಟೇ ಬೇರೆ, ಇದೇ ಬೇರೆ. ಪಾತ್ರೆಗೆ ಪುರಿ, ತುರಿದ ಕ್ಯಾರೆಟ್, ಈರುಳ್ಳಿ, ಟೊಮ್ಯಾಟೊ ಹಾಕಿ, ಒಂಚೂರು ಎಣ್ಣೆ ಬಿಟ್ಟು, ನಿಂಬೆಹಣ್ಣು ಹಿಂಡಿ, ಸೌಟಿನಲ್ಲಿ ಟಕಟಕ ಅಂತ ಕಲಸುತ್ತಾರೆ. ಖಾರ ಹಾಕುವ ಮುಂಚೆ ಒಂದು ಸಲ ನಿಮ್ಮ ಮುಖ ನೋಡುತ್ತಾರೆ. ಕೇರಳದವರಿಗೆ ಮಲಯಾಳದಲ್ಲಿ, ಉತ್ತರದವರಿಗೆ ಹಿಂದಿಯಲ್ಲಿ ಕೇಳುವಷ್ಟು ಭಾಷೆ ಬಹಳ ಜನರಿಗೆ ಬರುತ್ತದೆ. ‘ಖಾರ ಬೇಕಾ’, ‘ಎಷ್ಟು ಪ್ಲೇಟು’, ‘ಚಿಲ್ಲರೆ ಇಲ್ಲ’, ಇಷ್ಟಕ್ಕೇ ನಿಂತ ಭಾಷೆ. ಪರ ಊರಿನವರು ಅನ್ನಿಸಿದರೆ ಕೇಳದೆಯೇ ಖಾರ ಕಮ್ಮಿ ಮಾಡುತ್ತಾರೆ, ಆಮೇಲೆ ಸಪ್ಪೆ ಅಂತ ಬೈಯುವುದೂ ತಿಂದವರೇ. ‘ಇಲ್ಲಿಯವರಿಗೆ ಹಾಕೋ ಹಾಗೇ ಹಾಕಿ ಅಣ್ಣ’ ಅನ್ನಿ. ರುಚಿ ಬದಲಾಗುತ್ತದೆ.

ಮಕ್ಕಳಿಗೆ ಪಾನಿಪುರಿ ನೀರು ಬೇಡ. ಹಣ್ಣು, ಸೌತೆಕಾಯಿ ನಿಮ್ಮೆದುರೇ ಹೆಚ್ಚಿಸಿಕೊಳ್ಳಿ. ತಟ್ಟೆಗೆ ಕೈ ಹಾಕುವ ಮೊದಲೇ ರೇಟು ಕೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಫೋನ್‌ಪೇ ಎಲ್ಲಾ ಕಡೆ ಇದೆ, ಆದರೆ ಆ ಗದ್ದಲದಲ್ಲಿ ನೆಟ್‌ವರ್ಕ್ ಕೈ ಕೊಟ್ಟರೆ ಕಷ್ಟ, ಚಿಲ್ಲರೆ ಇಟ್ಕೊಳ್ಳಿ. ಗಾಡಿಯವರು ಬೇಜಾರು ಮಾಡ್ಕೊಳ್ಳೋದು ಬೇರೆ ವಿಷಯಕ್ಕೆ: ಏನೂ ತಗೊಳ್ಳದೆ, ಒಂದು ಮಾತೂ ಕೇಳದೆ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೋ ಮಾಡ್ತಾರಲ್ಲ, ಅದಕ್ಕೆ. ಒಂದು ಪೊಟ್ಟಣ ತಗೊಂಡು ಕೇಳಿ ನೋಡಿ, ಬಹಳ ಜನ ನಗುತ್ತಾ ಒಪ್ಪುತ್ತಾರೆ.

ದೀಪದ ದಿನ ಬರುವುದಾದರೆ 6ಕ್ಕೆ ಮುಂಚೆಯೇ ತಿಂದು ಒಳಗೆ ಹೋಗಿ. ಮುಗಿದ ಮೇಲೆ ಆ ಜನಜಂಗುಳಿಯಲ್ಲಿ ಮಕ್ಕಳ ಕೈ ಹಿಡ್ಕೊಳ್ಳೋದೇ ಒಂದು ದೊಡ್ಡ ಕೆಲಸ.