ಬೆಟ್ಟದ ನೆತ್ತಿ ಎಲ್ಲಿದೆ: ಲೇಸರ್ ಸರ್ವೆಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಹವ್ಯಾಸಿ ಚಾರಣಿಗ. ಭೂಪಟದಲ್ಲಿ ಶಿಖರವೆಂದು ಗುರುತಿಸಿದ ಜಾಗದಲ್ಲಿ ನಿಂತರೆ ಎಷ್ಟೋ ಸಲ ಐವತ್ತು ಹೆಜ್ಜೆ ಆಚೆಗಿರುವ ದಿಬ್ಬವೇ ಹೆಚ್ಚು ಎತ್ತರವಾಗಿ ಕಾಣುತ್ತದೆ. ವಿಮಾನದಿಂದ ನಡೆಸಿದ ಲೇಸರ್ ಸರ್ವೆಯ ದತ್ತಾಂಶದಿಂದ ನಿಜವಾದ ತುತ್ತತುದಿಯನ್ನು ಗುರುತಿಸಬಹುದೇ?

ಉತ್ತರ: ಬಹುಮಟ್ಟಿಗೆ ಗುರುತಿಸಬಹುದು. ಆದರೆ ಮೊದಲು ನಿಮ್ಮ ಕಣ್ಣಿನ ಮೇಲೆಯೇ ಸ್ವಲ್ಪ ಅನುಮಾನವಿರಲಿ: ನಾವು ನಿಂತ ನೆಲದಷ್ಟೇ ಎತ್ತರದ ಪಕ್ಕದ ದಿಬ್ಬ ನಮಗಿಂತ ಎತ್ತರವಾಗಿ ಕಾಣುವುದು ಚಾರಣಿಗರಿಗೆಲ್ಲ ಆಗುವ ಭ್ರಮೆ. ಹಾಗೆಂದು ಭೂಪಟವನ್ನೂ ಪೂರ್ತಿ ನಂಬುವಂತಿಲ್ಲ. ಎಷ್ಟೋ ಭೂಪಟಗಳಲ್ಲಿ ಸಮೋನ್ನತಿ ರೇಖೆಗಳ ನಡುವೆ ಹತ್ತಿಪ್ಪತ್ತು ಮೀಟರ್ ಅಂತರವಿರುತ್ತದೆ. ಅಲ್ಲಿ ಅಚ್ಚಾದ ಎತ್ತರದ ಅಂಕಿ ಹಳೆಯ ಸರ್ವೆಯವರು ಉಪಕರಣ ನಿಲ್ಲಿಸಲು ಅನುಕೂಲವೆಂದು ಆರಿಸಿಕೊಂಡ ಜಾಗದ್ದಾಗಿರಬಹುದೇ ಹೊರತು ಅತಿ ಎತ್ತರದ ಜಾಗದ್ದೇ ಆಗಿರಬೇಕೆಂದಿಲ್ಲ.

ಲೈಡಾರ್ ಎಂದು ಕರೆಯುವ ಈ ವಿಧಾನದಲ್ಲಿ ವಿಮಾನದ ಹೊಟ್ಟೆಯಲ್ಲಿರುವ ಉಪಕರಣವು ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಡಿತಗಳನ್ನು ನೆಲದತ್ತ ಕಳುಹಿಸಿ, ಪ್ರತಿಯೊಂದೂ ಮರಳಿ ಬರಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಸಮಯದಲ್ಲಿ ಒಂದು ನ್ಯಾನೋಸೆಕೆಂಡ್ ವ್ಯತ್ಯಾಸವಾದರೆ ದೂರದಲ್ಲಿ ಸುಮಾರು 15 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ ಎಂದರೆ ಗಡಿಯಾರ ಎಷ್ಟು ಸೂಕ್ಷ್ಮವಾಗಿರಬೇಕೆಂದು ಊಹಿಸಬಹುದು. ಆ ಕ್ಷಣದಲ್ಲಿ ವಿಮಾನ ಎಲ್ಲಿತ್ತು, ಎತ್ತ ವಾಲಿತ್ತು ಎಂಬುದನ್ನು ಉಪಗ್ರಹ ಸ್ಥಾನನಿರ್ಣಯ ಮತ್ತು ಜಡತ್ವ ಮಾಪಕಗಳು ದಾಖಲಿಸುತ್ತವೆ. ಒಂದೇ ಮಿಡಿತದ ಒಂದಂಶ ಮರದ ತುದಿಯಿಂದಲೂ ಇನ್ನೊಂದಂಶ ಎಲೆಗಳ ಸಂದಿಯಲ್ಲಿ ನುಸುಳಿ ನೆಲದಿಂದಲೂ ಮರಳಬಹುದಾದ್ದರಿಂದ, ಕಾಡು ಮುಚ್ಚಿದ ನೆತ್ತಿಯ ನೆಲವನ್ನೂ ನೋಡಲು ಸಾಧ್ಯವಾಗುತ್ತದೆ.

ಪ್ರಶ್ನೆ: ಒಂದು ಮೀಟರ್ ಚೌಕಗಳ ಎತ್ತರದ ಕಡತವನ್ನು ಇಳಿಸಿಕೊಂಡು, ಅದರಲ್ಲಿ ಗರಿಷ್ಠ ಬೆಲೆಯಿರುವ ಚೌಕವನ್ನು ಹುಡುಕಿದೆ. ಅಲ್ಲಿಗೆ ಹೋದರೆ ಬರೀ ಹುಲ್ಲು. ಇಪ್ಪತ್ತು ಮೀಟರ್ ದೂರದ ಬಂಡೆ ಕಣ್ಣಳತೆಯಲ್ಲೇ ಎತ್ತರವಾಗಿತ್ತು. ತಪ್ಪಿದ್ದೆಲ್ಲಿ?

ಉತ್ತರ: ನೀವು ಅಡುಗೆಯಾದ ಮೇಲೆ ಪಾತ್ರೆ ನೋಡಿದ್ದೀರಿ, ಹಸಿ ಸಾಮಗ್ರಿಯನ್ನು ನೋಡಬೇಕಿತ್ತು. ಚೌಕಗಳ ಕಡತ ಅಳತೆಯಲ್ಲ, ಅಳತೆಗಳಿಂದ ತಯಾರಿಸಿದ ಸಾರಾಂಶ. ಒಂದು ಚೌಕದೊಳಗೆ ಬಿದ್ದ ಬಿಂದುಗಳ ಸರಾಸರಿಯೋ ಅಕ್ಕಪಕ್ಕದ ಬಿಂದುಗಳಿಂದ ಅಂದಾಜಿಸಿದ ಬೆಲೆಯೋ ಅಲ್ಲಿ ಕೂತಿರುತ್ತದೆ. ಹೀಗಾಗಿ ದುಂಡಗಿನ ಹುಲ್ಲುಬೆಟ್ಟಕ್ಕೆ ಏನೂ ನಷ್ಟವಾಗದಿದ್ದರೂ ಚೂಪಾದ ಬಂಡೆಯ ತಲೆ ಸವೆದುಹೋಗುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮರ, ಕಟ್ಟಡ ಇತ್ಯಾದಿಗಳನ್ನು ಕಳೆದು ಬರಿಯ ನೆಲವನ್ನು ಉಳಿಸಿಕೊಳ್ಳುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಸುತ್ತಲಿನ ಮಟ್ಟದಿಂದ ಥಟ್ಟನೆ ಮೇಲೆದ್ದದ್ದೆಲ್ಲ ನೆಲವಲ್ಲ ಎನ್ನುವುದು ಅದರ ತರ್ಕ. ಬಯಲಿನಲ್ಲಿ ಈ ತರ್ಕ ಚೆನ್ನಾಗಿ ನಡೆಯುತ್ತದೆ. ಆದರೆ ಬೆಟ್ಟದ ನೆತ್ತಿಯ ಕೋಡುಗಲ್ಲು ಕೂಡ ಥಟ್ಟನೆ ಮೇಲೆದ್ದಿರುತ್ತದಲ್ಲ! ಕಂಪ್ಯೂಟರಿನ ಕಣ್ಣಿಗೆ ಅದು ಪೊದೆಯಾಗಿಯೋ ಗುಡಿಸಲಾಗಿಯೋ ಕಂಡು, ನಿಮಗೆ ಬೇಕಾಗಿದ್ದ ಆ ಒಂದು ಕಲ್ಲೇ ಕಡತದಿಂದ ಮಾಯವಾಗುತ್ತದೆ. ನಿಮ್ಮ ಬಂಡೆಗೆ ಆಗಿರುವುದು ಬಹುಶಃ ಇದೇ.

ಆದ್ದರಿಂದ ಬಿಂದುಗಳ ಮೂಲ ಕಡತವನ್ನೇ ತೆರೆಯಿರಿ. ಅದು ಸಾಮಾನ್ಯವಾಗಿ ಲಾಸ್ ಅಥವಾ ಲಾಝ್ ರೂಪದಲ್ಲಿರುತ್ತದೆ, ಉಚಿತವಾದ ಕ್ಲೌಡ್‌ಕಂಪೇರ್ ತಂತ್ರಾಂಶ ಸಾಕು. ಪ್ರತಿ ಬಿಂದುವಿಗೂ ಒಂದು ವರ್ಗಸಂಖ್ಯೆ ಇರುತ್ತದೆ: 2 ಎಂದರೆ ನೆಲ, 3ರಿಂದ 5ರವರೆಗೆ ಸಸ್ಯ, 6 ಕಟ್ಟಡ, 1 ಎಂದರೆ ಯಾವುದೆಂದು ನಿರ್ಧರಿಸದ್ದು. ನೆತ್ತಿಯ ಸುತ್ತಲಿನ ನಲವತ್ತು ಮೀಟರ್ ಭಾಗವನ್ನು ಕತ್ತರಿಸಿಕೊಂಡು, ಎಲ್ಲ ವರ್ಗಗಳನ್ನೂ ಕಾಣುವಂತೆ ಮಾಡಿ, ಪಕ್ಕದಿಂದ ನೋಡಿ. ಉದಾಹರಣೆಗೆ, ಚೌಕಗಳ ಕಡತದಲ್ಲಿ ಗರಿಷ್ಠ ಎತ್ತರ 812.4 ಮೀಟರ್ ಇದ್ದು, ಮೂಲದಲ್ಲಿ 1ನೆಯ ವರ್ಗದ ಐದಾರು ಬಿಂದುಗಳು 812.9ರ ಆಸುಪಾಸಿನಲ್ಲಿ ಗುಂಪಾಗಿ, ಕೆಳಗಿನ ನೆಲದವರೆಗೆ ಒತ್ತಾಗಿ ಇಳಿದಿದ್ದರೆ ಅದು ಬಂಡೆಯಿರುವ ಸಾಧ್ಯತೆ ಹೆಚ್ಚು. ಬಿಂದುಗಳು ಚದುರಿಕೊಂಡು, ಕೆಳಗೆ ಬೇರೆಯಾಗಿ ನೆಲದ ಬಿಂದುಗಳೂ ಕಂಡರೆ ಪೊದೆ. ಒಂಟಿಯಾಗಿ ಗಾಳಿಯಲ್ಲಿ ತೇಲುವ ಬಿಂದು ಹಕ್ಕಿಯೂ ಆಗಿರಬಹುದು. ಅದೇ ಜಾಗದ ವೈಮಾನಿಕ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡರೆ ಅರ್ಧ ಅನುಮಾನ ತೀರುತ್ತದೆ. ಮಿಡಿತಗಳ ನಡುವಿನ ಸಂದಿಯಲ್ಲಿ ಕಿರಿದಾದ ಕೋಡೊಂದು ಪೂರ್ತಿ ತಪ್ಪಿಹೋಗುವುದೂ ಉಂಟು. ಅದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು.

ಪ್ರಶ್ನೆ: ಉಪಗ್ರಹದ ಎತ್ತರದ ದತ್ತಾಂಶ ಜಗತ್ತಿನ ಬಹುಭಾಗಕ್ಕೆ ಉಚಿತವಾಗಿ ಸಿಗುವಾಗ ಲೇಸರ್ ಏಕೆ ಬೇಕು?

ಉತ್ತರ: 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಸಂಗ್ರಹಿಸಿದ ದತ್ತಾಂಶ ಈ ಬಗೆಯವುಗಳಲ್ಲಿ ಪ್ರಸಿದ್ಧ. ಅದರ ಒಂದು ಚೌಕ ಸುಮಾರು 30 ಮೀಟರ್. ಯಾವ ಬೆಟ್ಟ ಎಂದು ತಿಳಿಯಲು ಅಷ್ಟು ಸಾಕು, ಯಾವ ಕಲ್ಲು ಎಂದು ತಿಳಿಯಲು ಸಾಲದು.

ಪ್ರಶ್ನೆ: ಎರಡು ದಿಬ್ಬಗಳ ಎತ್ತರದಲ್ಲಿ ಲೇಸರ್ ದತ್ತಾಂಶದ ಪ್ರಕಾರ 8 ಸೆಂಟಿಮೀಟರ್ ವ್ಯತ್ಯಾಸವಿದೆ. ಎತ್ತರದ್ದನ್ನೇ ಶಿಖರವೆಂದು ಘೋಷಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಕ್ಯೂಎಲ್2 ಎಂಬ ದರ್ಜೆಗೆ ಚದರ ಮೀಟರಿಗೆ ಕನಿಷ್ಠ ಎರಡು ಮಿಡಿತಗಳನ್ನೂ, ಗಿಡಮರಗಳಿಲ್ಲದ ನೆಲದಲ್ಲಿ ಎತ್ತರದ ದೋಷ 10 ಸೆಂಟಿಮೀಟರಿನೊಳಗೆ ಇರಬೇಕೆಂಬುದನ್ನೂ ನಿಗದಿಪಡಿಸಿದೆ. ದಟ್ಟ ಹುಲ್ಲಿನ ಮೇಲೆ ದೋಷ ಇನ್ನೂ ಹೆಚ್ಚು. ಇಳಿಜಾರಿನಲ್ಲಂತೂ ಅಡ್ಡಡ್ಡ ಸ್ಥಾನದ ತಪ್ಪು ಕೂಡ ಎತ್ತರದ ತಪ್ಪಾಗಿ ಬದಲಾಗುತ್ತದೆ. ಎರಡು ಮೀಟರಿಗೆ ಒಂದು ಮೀಟರ್ ಏರುವ ಜಾಗದಲ್ಲಿ ಸ್ಥಾನ ಅರ್ಧ ಮೀಟರ್ ತಪ್ಪಿದರೆ ಎತ್ತರ 25 ಸೆಂಟಿಮೀಟರ್ ತಪ್ಪುತ್ತದೆ. ವ್ಯತ್ಯಾಸ ಅರ್ಧ ಮೀಟರಿಗಿಂತ ಹೆಚ್ಚಿದ್ದರೆ ನಾನು ಲೇಸರ್ ಮಾತನ್ನು ನಂಬುತ್ತೇನೆ, ಕಡಿಮೆಯಿದ್ದರೆ ಎರಡೂ ದಿಬ್ಬಗಳನ್ನು ಹತ್ತುತ್ತೇನೆ. ತೀರ್ಪೇ ಬೇಕಿದ್ದರೆ ನಡುವೆ ಲೆವೆಲ್ ಉಪಕರಣವಿಟ್ಟು ಎರಡೂ ತುದಿಗಳ ಮೇಲೆ ಅಳತೆಗೋಲು ಹಿಡಿಯುವ ಹಳೆಯ ವಿಧಾನಕ್ಕೆ ಸಾಟಿಯಿಲ್ಲ.

ಪ್ರಶ್ನೆ: ಲೇಸರ್ ಕಡತದ ಎತ್ತರಕ್ಕೂ ಭೂಪಟದ ಎತ್ತರಕ್ಕೂ ಹತ್ತಾರು ಮೀಟರ್ ವ್ಯತ್ಯಾಸ ಬರುತ್ತಿದೆ. ದತ್ತಾಂಶವೇ ಕೆಟ್ಟಿದೆಯೇ?

ಉತ್ತರ: ಇಲ್ಲ. ಉಪಗ್ರಹ ಸ್ಥಾನನಿರ್ಣಯವು ಭೂಮಿಯನ್ನು ನುಣುಪಾದ ಒಂದು ಗಣಿತದ ಗೋಳಾಕೃತಿಯೆಂದು ಭಾವಿಸಿ ಅದರಿಂದ ಎತ್ತರವನ್ನು ಅಳೆಯುತ್ತದೆ; ಭೂಪಟವು ಸಮುದ್ರಮಟ್ಟಕ್ಕೆ ಸಮೀಪವಾದ, ಗುರುತ್ವದಿಂದ ಏರಿಳಿದಿರುವ ಜಿಯಾಯ್ಡ್ ಎಂಬ ಮೇಲ್ಮೈಯಿಂದ ಅಳೆಯುತ್ತದೆ. ಇವೆರಡರ ಅಂತರ ಹಿಂದೂ ಮಹಾಸಾಗರದ ಒಂದೆಡೆ 100 ಮೀಟರ್ ದಾಟುತ್ತದೆ. ಒಂದೇ ಬೆಟ್ಟದ ಎರಡು ದಿಬ್ಬಗಳನ್ನು ಹೋಲಿಸುವಾಗ ಇದು ಲೆಕ್ಕಕ್ಕೆ ಬಾರದು. ಆದರೆ ಬೆಟ್ಟದ ದರ್ಜೆ ಎತ್ತರದ ಗಡಿಯ ಮೇಲೆ ನಿಂತಿದ್ದರೆ ಇದೇ ಮುಖ್ಯವಾಗುತ್ತದೆ. ಇಂಗ್ಲೆಂಡಿನ ಕಾಫ್ ಟಾಪ್ ಬೆಟ್ಟ 2000 ಅಡಿಯ, ಎಂದರೆ 609.6 ಮೀಟರಿನ ಗಡಿಗೆ ಕೂದಲೆಳೆಯಷ್ಟು ಕೆಳಗಿತ್ತು. 2016ರಲ್ಲಿ ಅಲ್ಲಿನ ಜಿಯಾಯ್ಡ್ ಮಾದರಿಯನ್ನು ಪರಿಷ್ಕರಿಸಿದಾಗ ಅದರ ಎತ್ತರ 609.606 ಮೀಟರ್ ಆಯಿತು. ಒಂದು ಹರಳೂ ಅಲುಗಾಡದೆ, ಬರಿಯ ಆರು ಮಿಲಿಮೀಟರಿನಿಂದ ಅದು ಪರ್ವತಗಳ ಪಟ್ಟಿ ಸೇರಿತು.

ಪ್ರಶ್ನೆ: ನೆತ್ತಿಯ ಮೇಲೆ ಚಾರಣಿಗರು ಪೇರಿಸಿಟ್ಟ ಕಲ್ಲುಗುಪ್ಪೆಯ ಎತ್ತರ ಲೆಕ್ಕಕ್ಕೆ ಬರುತ್ತದೆಯೇ?

ಉತ್ತರ: ಬರುವುದಿಲ್ಲ. ಮನುಷ್ಯರು ಇಟ್ಟ ಕಲ್ಲು, ಸರ್ವೆಯ ಕಂಬ ಎರಡನ್ನೂ ಬಿಟ್ಟು, ಅವುಗಳ ಬುಡದ ಸಹಜ ನೆಲವನ್ನೇ ಹಿಡಿಯಬೇಕು.