ಜಡೆಯಲ್ಲಿ ಅಮ್ಮನ ಮರುಗ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಜಯನಗರದ ಕಡೆಯ ಹುಡುಗಿ, 28 ವರ್ಷ. ಮದುವೆಗೆ ಆರು ವಾರ ಇರುವಾಗ ಹುಡುಗನ ಜೊತೆ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಳು. ರಿಸೆಪ್ಷನ್‌ನಲ್ಲಿ ಹೂಗುಚ್ಛದ ಬದಲು ರೋಸ್‌ಮೆರಿ ಎಂಬ ಪರಿಮಳದ ಸೊಪ್ಪು ಹಿಡಿಯಬೇಕು ಅಂತ ಅವಳ ಆಸೆ. ಅದು ನೆನಪಿನ ಗಿಡ ಎಂದು ಓದಿದ್ದಳಂತೆ. ಹುಡುಗನ ತಾಯಿ, "ಶುಭಕಾರ್ಯದಲ್ಲಿ ಇದೆಂಥ ಸೊಪ್ಪು?" ಅಂದರು. ಅಲ್ಲಿಂದ ಮಾತು ನಿಂತಿತ್ತು.

"ಯಾರ ನೆನಪಿಗೆ?" ಅಂತ ಕೇಳಿದೆ. ಅತ್ತುಬಿಟ್ಟಳು. ಅಮ್ಮ ತೀರಿಕೊಂಡು ಎರಡು ವರ್ಷ. ರೋಸ್‌ಮೆರಿ ಅಮ್ಮನಿಗಾಗಿ ಅನ್ನುವುದು ಹುಡುಗನಿಗೂ ಆಗಲೇ ಗೊತ್ತಾಗಿದ್ದು.

ಅಮ್ಮನ ಬಗ್ಗೆ ಹೇಳು ಅಂದೆ. ತಾರಸಿಯ ಕುಂಡಗಳಲ್ಲಿ ಮರುಗ, ದವನ, ದೊಡ್ಡಪತ್ರೆ ಬೆಳೆಸುತ್ತಿದ್ದರಂತೆ. ಶುಕ್ರವಾರ ಮಲ್ಲಿಗೆಯ ಜೊತೆ ಮರುಗ ಸೇರಿಸಿ ಕಟ್ಟಿ ಮಗಳಿಗೆ ಮುಡಿಸುತ್ತಿದ್ದರು. "ಅಮ್ಮ ಅಂದ್ರೆ ನಂಗೆ ಆ ವಾಸನೆ, ಮೇಡಂ."

ರೋಸ್‌ಮೆರಿ ಬೇಡ ಎಂದು ನಾನು ಹೇಳಲಿಲ್ಲ. 1540ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯನ್ನು ಮದುವೆಯಾದ ಆ್ಯನ್ ಆಫ್ ಕ್ಲೀವ್ಸ್ ಅದನ್ನು ತಲೆಗೆ ಮುಡಿದಿದ್ದಳು. ಆ ನಾಡಿನಲ್ಲಿ ಅದು ಮದುವೆಗೂ ಬೇಕಿತ್ತು, ಶವಸಂಸ್ಕಾರಕ್ಕೂ ಬೇಕಿತ್ತು. ಆದರೆ ಧಾರೆಯ ಹೊತ್ತಿಗೆ ಜೀರಿಗೆ-ಬೆಲ್ಲ ಇಡುವಾಗ ನಮ್ಮವರಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ರೋಸ್‌ಮೆರಿ ಹಾಗಲ್ಲ, ನೀನೇ ಬಾಯಿಬಿಟ್ಟು ಹೇಳಬೇಕು ಅಂದೆ.

ಅತ್ತೆಯಾಗುವವರ ಹತ್ತಿರ ಒಬ್ಬಳೇ ಹೋಗು. ವಾದ ಬೇಡ. "ಅಮ್ಮ ಇಲ್ಲ ಅಂತ ತುಂಬಾ ಅನ್ನಿಸ್ತಿದೆ, ಅಮ್ಮನದು ಏನಾದ್ರೂ ನನ್ನ ಮೈಮೇಲೆ ಇರಬೇಕು" ಅಂತ ಇಷ್ಟೇ ಹೇಳು. ಇದು ನನ್ನ ಮುಖ್ಯ ಸಲಹೆ. ಹುಡುಗನಿಗೆ ಹೇಳಿದ್ದು: ನಡುವೆ ನಿಂತು ಸಂದೇಶ ಒಯ್ಯಬೇಡ, ಅವಳ ಜೊತೆ ಕೂತು ಅವಳ ಅಮ್ಮನ ಮಾತು ಕೇಳು.

ಮುಂದಿನ ವಾರ ಬಂದಾಗ ಅವಳ ಮುಖ ಹಗುರವಾಗಿತ್ತು. ಅತ್ತೆ ಕೈ ಹಿಡಿದುಕೊಂಡು, "ನಾಂದಿಯಲ್ಲಿ ಹಿರಿಯರನ್ನು ನೆನೆದೇ ಅಲ್ವಾ ಮದುವೆ ಶುರುವಾಗೋದು? ಮೊದಲೇ ಹೇಳಬಾರದಿತ್ತಾ ಮಗಳೇ" ಅಂದರಂತೆ. ಮೊಗ್ಗಿನ ಜಡೆಗೆ ಮರುಗ ಸೇರಿಸಲು ಗಾಂಧಿಬಜಾರಿನ ಹೂವಿನವರಿಗೆ ಅವರೇ ಹೇಳಿದ್ದಾರೆ. ಸಂಜೆಗೆ ರೋಸ್‌ಮೆರಿಯೂ ಇರುತ್ತದೆ.

ಮದುವೆಯಾಗಿ ಎರಡು ವಾರಕ್ಕೆ ಮತ್ತೆ ಬರಲು ಹೇಳಿದ್ದೇನೆ. ನೆಂಟರೆಲ್ಲ ಹೊರಟ ಮೇಲೆ ಅಮ್ಮನ ನೆನಪು ಇನ್ನೂ ಜಾಸ್ತಿ ಕಾಡಬಹುದು. ಆ ದಿನವನ್ನು ಹುಡುಗನೇ ಬರೆದಿಟ್ಟುಕೊಂಡ.