ಆರು ತಿಂಗಳ ಸುಳ್ಳು ನಿದ್ದೆ

ಕಳೆದ ವಾರ ಒಬ್ಬ ಶಿಕ್ಷಕಿ ನನ್ನೆದುರು ಕುಳಿತು, "ನಾನು ಇಲ್ಲಿಗೆ ಬಂದದ್ದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗದಂತೆ ಗುಣವಾಗುವ ದಾರಿ ಇದ್ದರೆ ಹೇಳಿ ಮೇಡಂ" ಎಂದರು. ವಿಜಯಪುರದಲ್ಲಿ ಆಪ್ತಸಲಹೆಗೆ ಕುಳಿತ ದಿನದಿಂದ ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇದೆ. ದ್ರಾಕ್ಷಿ ಬೆಳೆಗಾರರು ಹೇಳಿದ್ದಾರೆ, ದಾದಿಯರು ಹೇಳಿದ್ದಾರೆ, ಪರೀಕ್ಷೆಗೆ ಓದುವ ಮಕ್ಕಳೂ ಹೇಳಿದ್ದಾರೆ. ಆಕೆ ಎದ್ದು ಹೋದ ಮೇಲೆ ಎರಡು ವರ್ಷದ ಹಿಂದಿನ ಒಂದು ಪ್ರಕರಣ ನೆನಪಾಯಿತು. ಅದರಲ್ಲಿ ನಾನು ಕೊಟ್ಟ ಸಲಹೆ ಒಂದು ಸಂಸಾರವನ್ನು ಎರಡು ದಿನ ಅಲುಗಾಡಿಸಿತ್ತು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಅವರು ಒಂದು ಸಹಕಾರ ಸಂಘದ ಪಿಗ್ಮಿ ಸಂಗ್ರಾಹಕರು. ಬಜಾರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, "ಪಿಗ್ಮಿಯವರು ಬಂದರು" ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ವಯಸ್ಸು ನಲವತ್ತೇಳು. ತಾಯಿ, ಹೆಂಡತಿ, ಇಬ್ಬರು ಮಕ್ಕಳು. ಅಂಗಡಿಯ ಬಾಗಿಲಿಗೇ ಹೋಗಿ ದಿನದ ಉಳಿತಾಯ ಕಟ್ಟಿಸಿಕೊಳ್ಳುವ ಈ ಪದ್ಧತಿ 1928ರಲ್ಲಿ ಉಡುಪಿಯಲ್ಲಿ ಹುಟ್ಟಿ ನಮ್ಮ ನಾಡಿನ ಮೂಲೆಮೂಲೆಗೂ ಹರಡಿತು. ಅದು ನಿಂತಿರುವುದೇ ನಂಬಿಕೆಯ ಮೇಲೆ. ಬಳೆ ಅಂಗಡಿಯವರು, ಬಾಳೆಹಣ್ಣಿನ ಗಾಡಿಯವರು ಹಣ ಕಟ್ಟುವುದು ಸಂಘದ ಫಲಕ ನೋಡಿ ಅಲ್ಲ, ಬಾಗಿಲಿಗೆ ಬಂದವನ ಮುಖ ನೋಡಿ. ಆ ಮುಖ ಒಂದು ದಿನ ಬಾಡಿದರೆ, "ಸಂಘಕ್ಕೆ ಏನಾದರೂ ಆಗಿದೆಯೇ?" ಎಂಬ ಪ್ರಶ್ನೆ ಸಂಜೆಯೊಳಗೆ ಇಡೀ ಸಾಲಿಗೆ ಹಬ್ಬುತ್ತದೆ. ಹೀಗಾಗಿ ಇಪ್ಪತ್ತು ವರ್ಷದಿಂದ ಅವರು ಮುಖವನ್ನು ನಗುವಂತೆಯೇ ಇಟ್ಟುಕೊಂಡಿದ್ದರು.

ಮೃಗಶಿರಾ ಮಳೆಯ ಹೊತ್ತಿಗೆ ಬಂದರು. ಎದೆ ಹಿಡಿದಂತಾಗುತ್ತದೆ, ಗ್ಯಾಸ್ ಇರಬೇಕು ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದರು. ಇಸಿಜಿ, ಸಕ್ಕರೆ, ಥೈರಾಯ್ಡ್ ಎಲ್ಲವೂ ಸರಿ ಇದ್ದವು. ಕೊನೆಗೆ ನೋಡಿದ ವೈದ್ಯರು ನಿದ್ದೆಯ ಬಗ್ಗೆ ಕೇಳಿ ನನ್ನ ಬಳಿ ಕಳಿಸಿದ್ದರು. ರಾತ್ರಿ ಎರಡರ ಸುಮಾರಿಗೆ ಎಚ್ಚರವಾಗುತ್ತದೆ, ಆಮೇಲೆ ಬೆಳಗಿನವರೆಗೂ ತಲೆಯಲ್ಲಿ ಹಣ ಎಣಿಸುವುದೇ ಕೆಲಸ. ಮೊಬೈಲಿನಲ್ಲಿ ಹಣ ಕಳಿಸುವುದು ಬಂದ ಮೇಲೆ ಕಟ್ಟುವವರು ಕಡಿಮೆಯಾಗಿದ್ದರು, ಕಮಿಷನ್ ಇಳಿದಿತ್ತು. ಹೊಸ ಕಥೆಯಲ್ಲ, ಇದನ್ನು ಬೆಳೆಸುವುದಿಲ್ಲ.

ಸಾಯಬೇಕು ಎಂಬ ಯೋಚನೆ ಬಂದಿದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಿದೆ. ಯಾರನ್ನು ಕೇಳುವಾಗಲೂ ನಾನು ಸುತ್ತಿ ಬಳಸುವುದಿಲ್ಲ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬಹಳ ಜನರಿಗಿದೆ. ಅದು ಸುಳ್ಳು. ಕೇಳಿದಾಗ ಎದೆಯ ಭಾರ ಇಳಿದವರನ್ನೇ ನಾನು ಹೆಚ್ಚು ಕಂಡಿದ್ದೇನೆ. "ಅಷ್ಟು ದೂರ ಹೋಗಿಲ್ಲ ರೀ ಮೇಡಂ" ಎಂದರು.

ನಂತರ ಚಹಾ ಎಷ್ಟು ಕುಡಿಯುತ್ತೀರಿ ಎಂದು ಕೇಳಿದೆ. ಬೆರಳು ಮಡಚಿ ಎಣಿಸಿದರು: ಹದಿನಾಲ್ಕು ಅರ್ಧ ಕಪ್. ಕೊನೆಯದು ರಾತ್ರಿ ಎಂಟೂವರೆಗೆ, ಕಿರಾಣಿ ಅಂಗಡಿಯಲ್ಲಿ. "ಬೇಡ ಎನ್ನಲು ಬರುವುದಿಲ್ಲ ರೀ. ಚಹಾ ಒಲ್ಲೆ ಎಂದರೆ ಅವರನ್ನೇ ಒಲ್ಲೆ ಎಂದಂತೆ." ಒಂದು ಕಪ್ಪಿನ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಎಂಟೂವರೆಯ ಚಹಾ ನಡುರಾತ್ರಿಯಲ್ಲೂ ಮೈಯಲ್ಲಿ ಎಚ್ಚರವಾಗಿರುತ್ತದೆ ಎಂದು ವಿವರಿಸಿದೆ. ನಿದ್ದೆಗೆ ನಾವು ಹೇಳುವ ಉಳಿದ ಮಾತುಗಳನ್ನೂ ಹೇಳಿದೆ. ಎಷ್ಟೇ ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಮಲಗಿದಲ್ಲಿಂದ ಗಡಿಯಾರ ನೋಡಬೇಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಬೇರೆ ಕಡೆ ಕುಳಿತು, ಕಣ್ಣು ಎಳೆದಾಗ ಮತ್ತೆ ಮಲಗಿ. ಎಚ್ಚರವಿದ್ದು ಒದ್ದಾಡುವ ಜಾಗ ಎಂದು ಮನಸ್ಸು ಹಾಸಿಗೆಯನ್ನು ಗುರುತು ಹಿಡಿದುಬಿಟ್ಟಿರುತ್ತದೆ, ಆ ಗುರುತನ್ನು ಅಳಿಸಬೇಕು.

ಮೂರನೆಯ ಭೇಟಿಗೆ ನಲವತ್ತು ಪುಟದ ನೋಟ್‌ಬುಕ್ ತಂದಿದ್ದರು. ಪಿಗ್ಮಿ ಲೆಕ್ಕದಂತೆಯೇ ಗೆರೆ ಎಳೆದು ತಾರೀಖು, ಮಲಗಿದ್ದು, ಎದ್ದದ್ದು, ಒಟ್ಟು ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. ಸೋಮವಾರ ನಾಲ್ಕು ಗಂಟೆ, ಮಂಗಳವಾರ ಮೂರೂವರೆ, ಭಾನುವಾರ ಹನ್ನೊಂದು.

"ಭಾನುವಾರ ಏಳುವ ಹೊತ್ತು ತಪ್ಪಿದೆ" ಎಂದೆ.

"ಬಾಕಿ ಕಟ್ಟಿದ್ದೇನೆ ರೀ ಮೇಡಂ. ನಮ್ಮಲ್ಲಿ ನಾಲ್ಕು ದಿನ ತಪ್ಪಿಸಿದವರು ಐದನೆಯ ದಿನ ಸೇರಿಸಿ ಕಟ್ಟುತ್ತಾರೆ."

ನಿದ್ದೆ ಹಾಗೆ ಬಾಕಿ ಕಟ್ಟಿಸಿಕೊಳ್ಳುವುದಿಲ್ಲ, ಭಾನುವಾರ ಹತ್ತರವರೆಗೆ ಮಲಗಿದವರಿಗೆ ಆ ರಾತ್ರಿಯ ನಿದ್ದೆಯೇ ಸರಿದು ಸೋಮವಾರ ಇನ್ನಷ್ಟು ಕೆಡುತ್ತದೆ ಎಂದೆ. ತಲೆಯಾಡಿಸಿದರು. ಪುಟ ತಿರುವುತ್ತಾ ಹೋದಂತೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಎರಡು ವಾರದಲ್ಲಿ ಒಂದು ರಾತ್ರಿಯೂ ಅವರು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಯಾಕೆ ಎಂದು ಕೇಳಿದೆ.

ಬಹಳ ಹೊತ್ತು ಸುಮ್ಮನಿದ್ದರು. ಹೊರಗೆ ಟಂಟಂಗಳ ಸದ್ದು ಕೇಳುತ್ತಿತ್ತು. "ಎರಡೇ ಕೋಣೆ ರೀ. ಚಿಲಕ ತೆಗೆದರೆ ಪಡಸಾಲೆಯಲ್ಲಿ ಮಲಗಿದ ಅವ್ವ 'ಯಾಕೋ ತಮ್ಮಾ?' ಎನ್ನುತ್ತಾಳೆ. ಎದ್ದು ಕುಳಿತರೆ ಮಗ್ಗುಲಲ್ಲಿ ಮಲಗಿದ ಹೆಂಡತಿಗೆ ಎಚ್ಚರವಾಗುತ್ತದೆ. ನಾನು ನಿದ್ದೆ ಮಾಡುತ್ತೇನೆ ಎಂದೇ ಅವಳು ತಿಳಿದಿದ್ದಾಳೆ. ಅವಳ ಮೈ ಅಲುಗಿದರೆ ನಾನು ಉಸಿರು ಉದ್ದ ಮಾಡುತ್ತೇನೆ, ನಿದ್ದೆ ಹತ್ತಿದವರ ಹಾಗೆ. ಆರು ತಿಂಗಳಾಯಿತು."

ನಾನು ಪೆನ್ನು ಕೆಳಗಿಟ್ಟೆ. ನಿದ್ದೆಯಿಲ್ಲದ ಸಂಕಟವನ್ನು ಬಹಳ ಕಂಡಿದ್ದೇನೆ. ನಿದ್ದೆಯನ್ನು ನಟಿಸುವ ದುಡಿಮೆಯನ್ನು ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಹಗಲೆಲ್ಲ ಬಜಾರಿಗೆ ನಗುವ ಮುಖ, ರಾತ್ರಿಯೆಲ್ಲ ಮನೆಗೆ ಮಲಗಿದ ಮುಖ. ಈ ಮನುಷ್ಯನಿಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ರಜೆ ಇರಲಿಲ್ಲ. ನನ್ನ ಸಲಹೆ ಎಲ್ಲಿ ಎಡವಿತ್ತು ಎಂಬುದೂ ಆಗಲೇ ಕಂಡಿತು. ಎದ್ದು ಬೇರೆ ಕೋಣೆಗೆ ಹೋಗಿ ಎಂಬ ಮಾತಿಗೆ ಬೇರೆ ಕೋಣೆ ಬೇಕು. ಅದಿಲ್ಲದ ಮನೆಯಲ್ಲಿ ರಾತ್ರಿ ಎದ್ದು ಕೂರುವುದು ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಿದಷ್ಟೇ ದೊಡ್ಡ ಸಂಗತಿ. ಚಹಾ ಬಿಡುವುದು, ಸಂಜೆ ಒಬ್ಬರೇ ನಡೆಯಲು ಹೋಗುವುದು, ಮೊಬೈಲ್ ಬದಿಗಿಡುವುದು, ಹೀಗೆ ಮನಸ್ಸಿನ ಆರೈಕೆಗೆಂದು ನಾವು ಸುಲಭವಾಗಿ ಹೇಳುವ ಯಾವುದನ್ನೂ ನಮ್ಮ ಮನೆಗಳಲ್ಲಿ ಗುಟ್ಟಾಗಿ ಮಾಡಲು ಬರುವುದಿಲ್ಲ.

ಆ ದಿನ ಕೊಟ್ಟದ್ದು ಒಂದೇ ಸಲಹೆ. ಇವತ್ತು ಊಟವಾದ ಮೇಲೆ ಹೆಂಡತಿಯನ್ನು ಮಾಳಿಗೆಯ ಮೇಲೆ ಕರೆದುಕೊಂಡು ಹೋಗಿ ಮೂರು ಮಾತು ಹೇಳಿ: "ಆರು ತಿಂಗಳಿಂದ ನನಗೆ ನಿದ್ದೆ ಇಲ್ಲ. ಅದಕ್ಕೆ ಸಲಹೆ ತೆಗೆದುಕೊಳ್ಳುತ್ತಿದ್ದೇನೆ. ರಾತ್ರಿ ಎದ್ದು ಕುಳಿತರೆ ಹೆದರಬೇಡ." ಕಾರಣ, ಸಾಲ, ಕಮಿಷನ್ ಇವತ್ತು ಬೇಡ. ಅವರು ಒಪ್ಪಲು ಮುಕ್ಕಾಲು ಗಂಟೆ ಹಿಡಿಯಿತು.

ಮೂರನೆಯ ದಿನ ಬೆಳಿಗ್ಗೆ ಫೋನ್ ಬಂತು. "ನೀವು ಹೇಳಿದಂತೆ ಹೇಳಿದೆ ಮೇಡಂ. ಎರಡು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಹೇಳದಿದ್ದರೇ ಚೆನ್ನಾಗಿತ್ತು." ಆ ಧ್ವನಿಯಲ್ಲಿ ನನ್ನ ಮೇಲಿನ ಆಪಾದನೆ ಇತ್ತು, ಅದು ಅವರ ಹಕ್ಕು. ಹಿರಿಯ ಸಹೋದ್ಯೋಗಿಯೊಬ್ಬರೂ ನನ್ನನ್ನು ಆಕ್ಷೇಪಿಸಿದರು. ನಂಬಿ ಬಂದವರ ಗುಟ್ಟು ಕಾಯುವುದು ನಮ್ಮ ಕೆಲಸ, ಅದನ್ನು ಬಿಚ್ಚು ಎಂದು ಒತ್ತಾಯಿಸುವುದಲ್ಲ ಎಂದರು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯೂ ಆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ನಾನು ಅದನ್ನು ಮುರಿಯಲಿಲ್ಲ. ಅವರ ಮನೆಗೆ ನಾನಾಗಿ ಒಂದು ಮಾತೂ ಹೇಳಲಿಲ್ಲ, ಹೇಳುವುದೂ ಇಲ್ಲ. ಆದರೆ ಗುಟ್ಟು ಕಾಯುವುದೇ ಕಾಯಿಲೆಯ ಅರ್ಧಭಾಗವಾಗಿರುವಾಗ, ಅದನ್ನು ಹೊರಲು ನಾನೂ ಒಂದು ಕೈ ಕೊಟ್ಟು ಸುಮ್ಮನಿರಲಾರೆ. ಇಂದಿಗೂ ನನ್ನ ನಿಲುವು ಅದೇ.

ಹೊಡೆಯುವ, ಹಂಗಿಸುವ, "ಹುಚ್ಚು" ಎಂದು ಊರೆಲ್ಲ ಸಾರುವ ಮನೆಯಲ್ಲಿ ಹೇಳಿ ಎನ್ನುವುದಿಲ್ಲ. ಅಂಥ ಮನೆಯಿಂದ ಬಂದವರೊಡನೆ ಕುಳಿತು ಹೇಳಿಕೊಳ್ಳಲು ಬೇರೊಬ್ಬರನ್ನು ಹುಡುಕುತ್ತೇನೆ. ಅಕ್ಕ ಇರಬಹುದು, ಸೋದರಮಾವ ಇರಬಹುದು, ಜೊತೆಗೆ ಕೆಲಸ ಮಾಡುವವರಿರಬಹುದು. ಯಾರೂ ಇಲ್ಲದ ರಾತ್ರಿಗೆ 14416 ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು, ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ, ಅಥವಾ ಎರಡು ವಾರ ಬಿಡದೆ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ನನ್ನಂಥವರ ಮಾತಷ್ಟೇ ಸಾಲದು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಪಿಗ್ಮಿಯವರನ್ನೂ ನಾನು ಕಳಿಸಿದ್ದೆ.

ನಾಲ್ಕನೆಯ ಭೇಟಿಗೆ ಹೆಂಡತಿ ಜೊತೆಗೆ ಬಂದರು. ಸೆರಗು ಬಿಗಿ ಹಿಡಿದು ಕುಳಿತು, ನಾನು ಕೇಳುವ ಮೊದಲೇ ಹೇಳಿದರು: "ನಿದ್ದೆ ಬರಲಿಲ್ಲ ಎಂದು ಸಿಟ್ಟಿಲ್ಲ ರೀ ಅಕ್ಕಾ. ಮಗ್ಗುಲಲ್ಲಿ ಮಲಗಿ ಆರು ತಿಂಗಳು ನನ್ನನ್ನು ಹೊರಗಿನವಳನ್ನಾಗಿ ಮಾಡಿದರಲ್ಲ, ಅದಕ್ಕೆ ಸಿಟ್ಟು." ಪಿಗ್ಮಿಯವರು ತಲೆ ತಗ್ಗಿಸಿದರು. ಆ ಭೇಟಿಯಲ್ಲಿ ನಾನು ಮಾತಾಡಿದ್ದು ಬಹಳ ಕಡಿಮೆ.

ಮುಂದಿನದು ಬೇಗ ನಡೆಯಿತು. ಮಧ್ಯಾಹ್ನ ಎರಡರ ನಂತರ ಚಹಾ ನಿಂತಿತು. ಅಂಗಡಿಯವರಿಗೆ "ಡಾಕ್ಟರು ಬೇಡ ಎಂದಿದ್ದಾರೆ" ಎಂದಷ್ಟೇ ಹೇಳುತ್ತಾರೆ. ಬಜಾರಿಗೆ ಅಷ್ಟು ಸಾಕು, ಅಲ್ಲಿ ಬಿಚ್ಚಿ ಹೇಳುವ ಅಗತ್ಯವಿಲ್ಲ. ಅವ್ವನಿಗೂ ಸೊಸೆಯೇ ತಿಳಿಸಿದರು. ನಿದ್ದೆ ಪೂರ್ತಿ ಸರಿಹೋಗಿಲ್ಲ, ಕಮಿಷನ್ ಹೆಚ್ಚಿಲ್ಲ. ಎದೆ ಹಿಡಿಯುವುದು ಅಪರೂಪವಾಗಿದೆ.

ಆ ವರ್ಷದ ದಸರೆಗೆ ಬನ್ನಿ ಕೊಡಲು ಇಬ್ಬರೂ ಬಂದಿದ್ದರು. ನೋಟ್‌ಬುಕ್ಕೂ ಚೀಲದಲ್ಲಿತ್ತು. ಗಂಟೆಗಳ ಒಟ್ಟು ಹಾಕುವುದನ್ನು ಬಿಟ್ಟಿದ್ದರು. ಕೊನೆಯ ಪುಟದಲ್ಲಿ ಹೀಗಿತ್ತು: "ಬುಧವಾರ. ಎರಡಕ್ಕೆ ಎದ್ದೆ. ಪಡಸಾಲೆಯಲ್ಲಿ ಕುಳಿತೆ. ಅವಳೂ ಎದ್ದು ಬಂದು ಶೇಂಗಾ ಸುಲಿಯುತ್ತ ಕುಳಿತಳು. ಅವ್ವ ಇಬ್ಬರಿಗೂ ಬೈದಳು. ಮೂರಕ್ಕೆ ಮಲಗಿದೆವು."